ಕಿಟಕಿ ಕಡೆಯ ಕೆನ್ನೆ

ನಮ್ಮ ದೊಡ್ಡಮ್ಮನ ಎಡಗೈಯ ಒಳಭಾಗದಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಅಂಚೆಚೀಟಿಯಷ್ಟು ಅಗಲದ ಒಂದು ಜಾಗವಿದೆ. ಅಲ್ಲಿ ಚರ್ಮ ನಯವಾಗಿದೆ, ಸುತ್ತಲಿನದಕ್ಕಿಂತ ಸ್ವಲ್ಪ ತಿಳಿಯಾಗಿಯೂ ಇದೆ. ದೊಡ್ಡಮ್ಮನಿಗೆ ಈಗ ಐವತ್ತಾರು ವರ್ಷ. ಆ ಜಾಗಕ್ಕೆ ಇನ್ನೂ ಮೂವತ್ತು ದಾಟಿಲ್ಲ ಎಂದು ಮನೆಯಲ್ಲಿ ತಮಾಷೆ ಮಾಡುತ್ತೇವೆ. ಅದು ಅವರ ಕೆಲಸದಿಂದ ಬಂದ ಗುರುತು.

ದೊಡ್ಡಮ್ಮ ಚರ್ಮದ ಡಾಕ್ಟರೊಬ್ಬರ ಹತ್ತಿರ ಲೇಸರ್ ಯಂತ್ರ ನಡೆಸುತ್ತಾರೆ. ಮುಖ್ಯರಸ್ತೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಾಲ್ಕು ಕೋಣೆಗಳು. ಕೊನೆಯದು ಲೇಸರ್ ಕೋಣೆ. ಬಾಗಿಲ ಮೇಲೆ ಕೆಂಪು ದೀಪ. ಅದು ಹೊತ್ತಿಕೊಂಡಿರುವಾಗ ಒಳಗೆ ಯಾರೂ ಹೋಗುವಂತಿಲ್ಲ, ಡಾಕ್ಟರೂ ಬಾಗಿಲು ಬಡಿದೇ ಹೋಗುತ್ತಾರೆ. ಒಳಗೆ ಹಿಂದಕ್ಕೆ ಒರಗುವ ಒಂದು ಕುರ್ಚಿ, ಫ್ರಿಜ್ಜಿನಷ್ಟು ಎತ್ತರದ ಯಂತ್ರ, ಅದರಿಂದ ಹೊರಟ ದಪ್ಪ ತಂತಿಯ ತುದಿಯಲ್ಲಿ ಪೆನ್ನಿಗಿಂತ ಸ್ವಲ್ಪ ದೊಡ್ಡದಾದ ಹಿಡಿ. ತಣ್ಣನೆಯ ಗಾಳಿ ಊದಲು ಆನೆಯ ಸೊಂಡಿಲಿನಂಥ ಒಂದು ಕೊಳವೆ. ಗೋಡೆಯಲ್ಲಿ ಕನ್ನಡಿಯಿದೆ, ಆದರೆ ಯಂತ್ರ ನಡೆಯುವಾಗ ಅದಕ್ಕೆ ಬಟ್ಟೆ ಮುಚ್ಚಬೇಕು. ಬೆಳಕು ಕನ್ನಡಿಗೆ ಬಡಿದು ತಿರುಗಿ ಕಣ್ಣಿಗೆ ಬಂದರೆ ಅಪಾಯ.

ಪ್ರತಿದಿನ ಬೆಳಿಗ್ಗೆ ಡಾಕ್ಟರು ಹೇಳಿದ ಅಳತೆಗೆ ಯಂತ್ರವನ್ನು ಹೊಂದಿಸಿ, ದೊಡ್ಡಮ್ಮ ಮೊದಲ ಹೊಡೆತವನ್ನು ಕಪ್ಪು ಕಾಗದದ ಮೇಲೆ ಬಿಡುತ್ತಾರೆ. ಎರಡನೆಯದನ್ನು ತಮ್ಮ ಎಡಗೈ ಮೇಲೆ. ಕಾಗದಕ್ಕೆ ಹೊಡೆದರೆ ಸಾಕು ಎಂದು ಯಂತ್ರ ಮಾರಿದ ಕಂಪನಿಯವರು ಹೇಳಿದ್ದರು. ಡಾಕ್ಟರೂ ಎಷ್ಟೋ ಸಲ ಗದರಿದ್ದಾರೆ.

"ಕಾಗದಕ್ಕೆ ಉರಿ ಗೊತ್ತಾಗಲ್ಲ ಡಾಕ್ಟರಮ್ಮ. ಮೊದಲು ನನಗೆ ಗೊತ್ತಾಗ್ಲಿ, ಆಮೇಲೆ ಇನ್ನೊಬ್ಬರ ಮುಖಕ್ಕೆ" ಎನ್ನುತ್ತಾರೆ ದೊಡ್ಡಮ್ಮ.

ಈ ಅಭ್ಯಾಸ ಅವರಿಗೆ ಬಂದದ್ದು ಇಸ್ತ್ರಿ ಮೇಜಿನಿಂದ. ಲೇಸರಿಗೆ ಬರುವ ಮೊದಲು ದೊಡ್ಡಮ್ಮ ಹದಿನೆಂಟು ವರ್ಷ ಇಸ್ತ್ರಿ ಮಾಡಿದವರು. ಅದೇ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ, ಒಂದು ಲಾಂಡ್ರಿ ಇತ್ತು. ಗಾಜಿನ ಬಾಗಿಲು, ಒಳಗೆ ಉದ್ದಕ್ಕೆ ಮೂರು ಮೇಜು. ಕಿಟಕಿ ಪಕ್ಕದ ಮೇಜು ದೊಡ್ಡಮ್ಮನದು. ಅಂಗಿಗೆ ಇಸ್ತ್ರಿ ಇಡುವ ಮುಂಚೆ ಅದರ ಒಳಮಡಿಕೆಯ ಮೇಲೆ, ಯಾರಿಗೂ ಕಾಣದ ಒಂದು ಬೆರಳಗಲ ಜಾಗದಲ್ಲಿ, ಇಸ್ತ್ರಿಯ ತುದಿಯನ್ನು ಮುಟ್ಟಿಸಿ ನೋಡುತ್ತಿದ್ದರು. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಕಲೆ ಇದೆಯೇ ಎಂದು ನೋಡುತ್ತಿದ್ದರು. ಕಲೆ ಇದ್ದರೆ ಆ ಬಟ್ಟೆ ಮತ್ತೆ ತೊಟ್ಟಿಗೆ.

"ಕಲೆ ಮೇಲೆ ಇಸ್ತ್ರಿ ಇಡಬಾರದು. ಬಿಸಿ ತಾಗಿದ ಕಲೆ ಒಳಗೆ ಹೋಗಿ ಸಂಸಾರ ಹೂಡುತ್ತೆ" ಎಂಬುದು ಅವರ ಮಾತು.

ಇದನ್ನು ಅವರು ಕಲಿತದ್ದು ಸುಲಭದಲ್ಲಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ, ಮೇಲಿನ ಮಹಡಿಯ ಚರ್ಮದ ಡಾಕ್ಟರ ಬಿಳಿ ಕೋಟು ಇಸ್ತ್ರಿಗೆ ಬಂದಿತ್ತು. ಅದರ ಜೇಬಿನ ಮೇಲೆ ಯಾವುದೋ ಹಣ್ಣಿನ ರಸ ಬಿದ್ದು ಒಣಗಿತ್ತು. ಹಣ್ಣಿನ ರಸ ಒಣಗಿದರೆ ಬೆಳಕಿಗೆ ಹಿಡಿಯದೆ ಕಣ್ಣಿಗೆ ಕಾಣುವುದಿಲ್ಲ; ಬಿಸಿ ತಾಗಿದ ಮೇಲೆ ಕಾಣುತ್ತದೆ. ದೊಡ್ಡಮ್ಮ ಇಸ್ತ್ರಿ ಎಳೆದರು, ಜೇಬಿನ ಮೇಲೆ ಅಂಗೈಯಗಲ ಕಂದು ಬಣ್ಣ ಮೂಡಿತು. ಎಷ್ಟು ತೊಳೆದರೂ ಹೋಗಲಿಲ್ಲ. ಮಾಲೀಕರು, "ಸುಮ್ನೆ ಮಡಚಿ ಕಳಿಸು, ಮೊದಲೇ ಇತ್ತು ಅಂದ್ರಾಯ್ತು" ಎಂದರು. ದೊಡ್ಡಮ್ಮ ಕೋಟನ್ನು ಮಡಚದೆ, ಕಲೆ ಕಾಣುವ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಮಹಡಿ ಹತ್ತಿದರು.

"ನಾನು ನೋಡದೆ ಇಸ್ತ್ರಿ ಇಟ್ಟೆ, ಡಾಕ್ಟರಮ್ಮ. ಇನ್ನು ಇದು ಹೋಗಲ್ಲ."

ಡಾಕ್ಟರು ಆಗ ಇನ್ನೂ ಚಿಕ್ಕ ವಯಸ್ಸಿನವರು. ಕೋಟನ್ನೂ ದೊಡ್ಡಮ್ಮನನ್ನೂ ನೋಡಿ ನಕ್ಕುಬಿಟ್ಟರಂತೆ. "ಇಲ್ಲಿಗೆ ಬರೋರೆಲ್ಲ ಕಲೆ ತೆಗೀರಿ ಅಂತ ಬರ್ತಾರೆ. ಕಲೆ ಮಾಡಿದೀನಿ ಅಂತ ಬಂದವಳು ನೀನೊಬ್ಳೇ." ಆ ಕೋಟು ಇವತ್ತಿಗೂ ಡಾಕ್ಟರ ಕಪಾಟಿನಲ್ಲಿದೆ. ಗೋಡೆಗೆ ಬಣ್ಣ ಹೊಡೆಸುವ ದಿನ ಅದನ್ನು ಹಾಕಿಕೊಳ್ಳುತ್ತಾರೆ.

ಹದಿನೆಂಟು ವರ್ಷದ ನಂತರ ಲಾಂಡ್ರಿ ಮುಚ್ಚಿದಾಗ ಡಾಕ್ಟರೇ ಕೆಳಗಿಳಿದು ಬಂದು ಕರೆದರು. ಮೊದಲ ಆರು ತಿಂಗಳು ದೊಡ್ಡಮ್ಮ ಬಂದವರ ಮುಖ ತೊಳೆಯುವುದು, ಕಣ್ಣಿಗೆ ಲೋಹದ ಮುಚ್ಚಳ ಇಡುವುದು, ಕನ್ನಡಿಗೆ ಬಟ್ಟೆ ಹಾಕುವುದು ಇಷ್ಟನ್ನೇ ಮಾಡಿದರು. ಆಮೇಲೆ ತರಬೇತಿ, ಪರೀಕ್ಷೆ, ಗೋಡೆಯಲ್ಲಿ ಒಂದು ಪ್ರಮಾಣಪತ್ರ. ಅಳತೆ ಡಾಕ್ಟರದು, ಕೈ ದೊಡ್ಡಮ್ಮನದು. ಇಸ್ತ್ರಿ ಒಂದೇ ಕಡೆ ನಿಲ್ಲಬಾರದು, ಓಡಲೂಬಾರದು. ಲೇಸರಿನ ಹಿಡಿಯೂ ಹಾಗೆಯೇ ಎಂದು ಅವರು ಹೇಳುತ್ತಾರೆ. ಕತ್ತರಿಸುವುದಿಲ್ಲ, ಸುಲಿಯುವುದಿಲ್ಲ, ರಕ್ತ ಬರುವುದಿಲ್ಲ. ಬೆಳಕು ಮೇಲಿನ ಚರ್ಮವನ್ನು ದಾಟಿ ಕೆಳಗೆ ಬಿಸಿ ಮುಟ್ಟಿಸುತ್ತದೆ. ಆ ಬಿಸಿಗೆ ಒಳಗಿನ ಚರ್ಮ ಎಚ್ಚೆತ್ತು, ವಾರಗಟ್ಟಲೆ ನಿಧಾನವಾಗಿ ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಮಾಡಿಸಿಕೊಳ್ಳುವವರಿಗೆ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಒಂದು ಚುರುಕು, ಅಷ್ಟೆ.

ಬರುವವರು ಅಷ್ಟಕ್ಕೇ ತೃಪ್ತರಾಗುವುದಿಲ್ಲ. ನಿವೃತ್ತ ಸಂಗೀತದ ಟೀಚರೊಬ್ಬರು ಪ್ರತಿಸಲವೂ ಕೇಳುತ್ತಾರಂತೆ.

"ಒಂದು ಸಲಕ್ಕೆ ಎಷ್ಟು ವರ್ಷ ಕಡಿಮೆ ಆಗುತ್ತಮ್ಮ?"

"ವರ್ಷ ಕಡಿಮೆ ಮಾಡೋ ಮಷೀನ್ ಇದ್ದಿದ್ರೆ ನಾನು ಇಲ್ಲಿ ಯಾಕಿರ್ತಿದ್ದೆ ಟೀಚರ್? ಲಂಗ ಹಾಕ್ಕೊಂಡು ಕುಂಟೆಬಿಲ್ಲೆ ಆಡ್ತಿದ್ದೆ. ಸುಕ್ಕು ಸ್ವಲ್ಪ ಸಡಿಲ ಆಗುತ್ತೆ. ಮೂರು ತಿಂಗಳು ತಾಳ್ಮೆ ಇರ್ಲಿ, ಬಿಸಿಲಿಗೆ ಹೋಗ್ಬೇಡಿ."

"ತಾಳ್ಮೆ ಬಂದಿದ್ದೇ ವಯಸ್ಸಾದ್ಮೇಲೆ. ಅದನ್ನೂ ತೆಗೆದುಬಿಟ್ಟೀಯ!"

ಹೀಗೆ ಊರಿನವರ ಮುಖಗಳನ್ನೆಲ್ಲ ನೋಡುವ ದೊಡ್ಡಮ್ಮನ ಮನೆಯಲ್ಲೇ, ಇಡೀ ಊರಿನಲ್ಲಿ ಲೇಸರ್ ಅತಿ ಹೆಚ್ಚು ಬೇಕಾಗಿದ್ದ ಒಂದು ಕೆನ್ನೆ ಇತ್ತು. ಅದು ನಮ್ಮ ದೊಡ್ಡಪ್ಪನ ಬಲಗೆನ್ನೆ.

ದೊಡ್ಡಪ್ಪ ಬಸ್ಸು ಓಡಿಸುತ್ತಿದ್ದರು. ಮೂವತ್ತೊಂದು ವರ್ಷ ಒಂದೇ ದಾರಿ. ಬೆಳಿಗ್ಗೆ ಡಿಪೋದಿಂದ ಉತ್ತರಕ್ಕೆ ಹೊರಡುವುದು, ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ವಾಪಸು ಬರುವುದು. ಚಾಲಕನ ಸೀಟು ಬಲಗಡೆ. ಹೋಗುವಾಗ ಸೂರ್ಯ ಬಲಕ್ಕೆ, ಬರುವಾಗಲೂ ಸೂರ್ಯ ಬಲಕ್ಕೆ. ಬಿಸಿಲೂ ಅವರ ಪಕ್ಕದ ಕಿಟಕಿಗೇ ಪಾಸು ಮಾಡಿಸಿಕೊಂಡಿತ್ತು. ಉತ್ತರದ ತುದಿಯಿಂದ ಬೆಳಿಗ್ಗೆ ಹೊರಡುತ್ತಿದ್ದ ಜೋಡಿ ಬಸ್ಸಿನ ಚಾಲಕರಿಗೂ ಅಷ್ಟೇ ವಯಸ್ಸು, ಅಷ್ಟೇ ವರ್ಷದ ಕೆಲಸ. ಅವರಿಗೆ ಸೂರ್ಯ ಯಾವಾಗಲೂ ಎಡಕ್ಕೆ, ಪ್ರಯಾಣಿಕರ ಕಡೆಗೆ; ಅವರ ಎರಡೂ ಕೆನ್ನೆ ಒಂದೇ ಸಮ. ನಮ್ಮ ದೊಡ್ಡಪ್ಪನ ಎಡಗೆನ್ನೆ ನಲವತ್ತೈದರ ಗಂಡಸಿನದಾದರೆ, ಬಲಗೆನ್ನೆ ಎಪ್ಪತ್ತರದು. ಕಣ್ಣಿನ ತುದಿಯಿಂದ ದವಡೆಯವರೆಗೆ ಉಳುಮೆ ಮಾಡಿದಂಥ ಗೆರೆ, ಕಂದು ಚುಕ್ಕೆ, ಜೋತುಬಿದ್ದ ಚರ್ಮ. ಮನೆಯಲ್ಲಿ ಬಲಗೆನ್ನೆಗೆ 'ಅಣ್ಣ', ಎಡಗೆನ್ನೆಗೆ 'ತಮ್ಮ' ಎಂದು ಹೆಸರು ಬಿದ್ದಿತ್ತು. ಕ್ಷೌರ ಮಾಡಿಕೊಳ್ಳುವಾಗ ದೊಡ್ಡಪ್ಪನೇ, "ಅಣ್ಣಂಗೆ ಸೋಪು ಜಾಸ್ತಿ ಬೇಕು ಕಣೋ" ಎಂದು ಕನ್ನಡಿಗೆ ಹೇಳುತ್ತಿದ್ದರು.

"ಬನ್ರೀ, ನಾಲ್ಕು ಸಲ ಕೂತ್ರೆ ಅಣ್ಣ ಹತ್ತು ವರ್ಷ ಚಿಕ್ಕೋನಾಗ್ತಾನೆ" ಎಂದು ದೊಡ್ಡಮ್ಮ ಕರೆಯುತ್ತಲೇ ಇದ್ದರು.

"ನನ್ನ ಮುಖ ಏನು ನಿನ್ನ ಇಸ್ತ್ರಿ ಬಟ್ಟೆನಾ? ಸುಮ್ನಿರೇ. ಪ್ಯಾಸೆಂಜರಿಗೆ ಕಾಣೋದು ತಮ್ಮ. ಅಣ್ಣನ್ನ ನೋಡೋದು ಲಾರಿಯವರು. ಅವರೇನು ಹೆಣ್ಣು ಕೊಡ್ತಾರಾ?"

ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ದೊಡ್ಡಮ್ಮ ಸುಮ್ಮನಾದರು.

ಆದರೆ ನಿವೃತ್ತಿಗೆ ಒಂದು ತಿಂಗಳು ಉಳಿದಿರುವಾಗ ದೊಡ್ಡಪ್ಪ ತಾವಾಗಿಯೇ ಆ ಮಾತು ಎತ್ತಿದರು. ಸಂಜೆ ಊಟದ ಡಬ್ಬಿ ತೊಳೆಯುತ್ತ, ನಲ್ಲಿಯ ಕಡೆ ಮುಖ ಮಾಡಿಕೊಂಡೇ ಕೇಳಿದರಂತೆ.

"ಅದು, ನಿಮ್ಮ ಮಷೀನು... ತುಂಬ ಉರಿಯುತ್ತಾ?"

ದೊಡ್ಡಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಏನ್ರೀ ಸಮಾಚಾರ?"

ಸಮಾಚಾರ ಇಷ್ಟು. ನಿವೃತ್ತಿಯಾದ ಮರುತಿಂಗಳ ಒಂದನೇ ತಾರೀಖಿನಿಂದ ಡ್ರೈವಿಂಗ್ ಸ್ಕೂಲೊಂದರಲ್ಲಿ ಕಲಿಸುವ ಕೆಲಸ ದೊಡ್ಡಪ್ಪನಿಗೆ ಸಿಕ್ಕಿತ್ತು. ಕಲಿಯುವವರು ಚಾಲಕನ ಸೀಟಿನಲ್ಲಿ ಕೂತರೆ ಕಲಿಸುವವರು ಅವರ ಎಡಕ್ಕೆ ಕೂರಬೇಕು. ಅಂದರೆ ಇನ್ನು ಮುಂದೆ ದಿನವಿಡೀ ಎಲ್ಲರೂ ನೋಡುವುದು ಬಲಗೆನ್ನೆಯನ್ನು. ಮೊದಲ ಸಲ ಸುಮ್ಮನೆ ಹೋಗಿ ಕೂತಾಗಲೇ ಕಾಲೇಜು ಹುಡುಗಿಯೊಬ್ಬಳು, "ತಾತ, ನೀವು ಹಿಂದೆ ಕೂತ್ಕೊಳ್ಳಿ, ಸರ್ ಬರ್ತಾರೆ" ಎಂದಿದ್ದಳಂತೆ.

ದೊಡ್ಡಮ್ಮ ನಗಲಿಲ್ಲ. ನಗು ಬಂದಿತ್ತು, ತಡೆದುಕೊಂಡೆ ಎಂದು ಆಮೇಲೆ ನಮಗೆ ಹೇಳಿದರು. "ಒಂದನೇ ತಾರೀಖಿನೊಳಗೆ ಒಂದು ಸಲ ಆದ್ರೂ ಮುಗಿಸೋಣ" ಎಂದು ಮಾತು ಕೊಟ್ಟರು.

ತೊಂದರೆ ಇದ್ದದ್ದು ಒಂದು. ಹೊಸಬರು ಯಾರೇ ಬಂದರೂ ಮೊದಲು ಡಾಕ್ಟರು ನೋಡಬೇಕು, ಆಮೇಲೆ ಲೇಸರ್. ಅದು ಅಲ್ಲಿನ ನಿಯಮ. ಡಾಕ್ಟರು ಆ ವಾರ ಸಮ್ಮೇಳನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಒಂದನೇ ತಾರೀಖಿನ ಮೊದಲು ದೊಡ್ಡಪ್ಪನಿಗೆ ಉಳಿದಿದ್ದ ರಜೆ ಆ ಗುರುವಾರದ ಅರ್ಧ ದಿನ ಮಾತ್ರ. ದೊಡ್ಡಮ್ಮ ಯಾರ ವಿಷಯದಲ್ಲೂ ಆ ನಿಯಮ ಮುರಿದವರಲ್ಲ. ಗಂಡನ ವಿಷಯದಲ್ಲಿ ಮುರಿಯಲು ಹೊರಟರು. ಬೇರೆಯವರ ಮುಖ ಅರ್ಧ ಗಂಟೆಯ ಪರಿಚಯ, ಈ ಮುಖ ಮೂವತ್ತು ವರ್ಷದ ಪರಿಚಯ. ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂಬುದು ಅವರ ಲೆಕ್ಕಾಚಾರ.

ಮಧ್ಯಾಹ್ನ ಒಂದೂವರೆಗೆ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ದೊಡ್ಡಪ್ಪ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಯಾರೂ ನೋಡಿಲ್ಲ ತಾನೇ?"

"ಕಳ್ಳತನಕ್ಕೆ ಬಂದಿಲ್ಲ ರೀ ನೀವು. ಟೋಪಿ ಅಲ್ಲಿಡಿ, ಒರಗಿ."

ದೊಡ್ಡಮ್ಮ ನೊರೆ ಹಚ್ಚಿ ಮುಖ ತೊಳೆದರು. "ಬಸ್ಸು ತೊಳೆಯೋ ಹಾಗೆ ತೊಳೀತಿದೀಯಲ್ಲೇ, ಚಕ್ರಕ್ಕೂ ನೀರು ಬಿಡು" ಎಂದರು ದೊಡ್ಡಪ್ಪ. ಆಮೇಲೆ ಫೋಟೊ. ಗಲ್ಲ ಇಡಲು ಒಂದು ಸ್ಟ್ಯಾಂಡ್ ಇದೆ. ಎದುರಿನಿಂದ ಒಂದು, ಎಡದಿಂದ ಒಂದು, ಬಲದಿಂದ ಒಂದು, ಎಲ್ಲವೂ ಒಂದೇ ದೀಪದಲ್ಲಿ ತೆಗೆಯಬೇಕು. ನಿಯಮ ಮುರಿದರೂ ಕೈಯ ಅಭ್ಯಾಸ ಬಿಡದು. ದೊಡ್ಡಮ್ಮ ಮೂರೂ ಫೋಟೊ ತೆಗೆದರು.

"ಎಡಕ್ಕೆ ತಿರುಗಿ."

"ಇಂಡಿಕೇಟರ್ ಹಾಕ್ಲಾ?"

"ಹಾರನ್ನೂ ಹೊಡೀರಿ. ಕಣ್ಣು ಮುಚ್ಚಿ ಈಗ."

ಕಣ್ಣುಗಳ ಮೇಲೆ ಲೋಹದ ಮುಚ್ಚಳ ಕೂತಿತು. ಕೆಂಪು ದೀಪ ಹೊತ್ತಿತು, ಕನ್ನಡಿಗೆ ಬಟ್ಟೆ ಬಿತ್ತು, ಸೊಂಡಿಲಿನಿಂದ ತಣ್ಣನೆಯ ಗಾಳಿ ಬಂತು. ದೊಡ್ಡಮ್ಮ ಹಸಿರು ಕನ್ನಡಕ ಹಾಕಿಕೊಂಡು ಕಪ್ಪು ಕಾಗದಕ್ಕೊಂದು ಹೊಡೆತ ಬಿಟ್ಟರು. ಎಡಗೈ ಮೇಲೆ ಒಂದು ಬಿಟ್ಟರು. ಉರಿ ಸರಿಯಾಗಿತ್ತು. ಕನ್ನಡಕವನ್ನು ಹಣೆಗೇರಿಸಿ, ಆ ಅಳತೆಯನ್ನು ಬರೆದಿಡಲು ಕಂಪ್ಯೂಟರಿನ ಕಡೆ ತಿರುಗಿದರು.

ಪರದೆಯ ಮೇಲೆ ದೊಡ್ಡಪ್ಪನ ಬಲಗೆನ್ನೆ ಒಂದಲ್ಲ, ಎರಡು ಇದ್ದವು.

ಮೂರು ವರ್ಷದ ಹಿಂದೆ ಈ ಯಂತ್ರ ಹೊಸದಾಗಿ ಬಂದಾಗ, ದೊಡ್ಡಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದ ಡಬ್ಬಿಯನ್ನು ಕೊಡಲು ದೊಡ್ಡಪ್ಪ ಬಂದಿದ್ದರು. ಬಿಸಿಲು ತಿಂದ ಚರ್ಮ ಹೀಗಿರುತ್ತದೆ ಎಂದು ತೋರಿಸಲು ಕಂಪನಿಯಿಂದ ಬಂದ ತರಬೇತಿಯವನು ಅವರನ್ನು ಹಿಡಿದು ಕೂರಿಸಿ ಫೋಟೊ ತೆಗೆದಿದ್ದ. ಯಂತ್ರ ಶುರು ಮಾಡುವಷ್ಟರಲ್ಲಿ ದೊಡ್ಡಪ್ಪ ಬಸ್ಸಿನ ಹೊತ್ತಾಯಿತೆಂದು ಓಡಿದ್ದರು. ಆ ಫೋಟೊ ಕಡತದಲ್ಲಿ ಉಳಿದಿತ್ತು. ಹೆಸರು ಒಂದೇ ಆದ್ದರಿಂದ ಕಂಪ್ಯೂಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಇಟ್ಟಿತ್ತು.

ಹಳೆಯ ಫೋಟೊದಲ್ಲಿ ಕಣ್ಣಿನ ಕೆಳಗೆ, ಕಿವಿಯ ಕಡೆಗೆ, ಒಂದು ಕಂದು ಚುಕ್ಕೆ. ಬೇಳೆಕಾಳಿನಷ್ಟು, ಒಂದೇ ಬಣ್ಣ, ದುಂಡಗೆ. ಹೊಸ ಫೋಟೊದಲ್ಲಿ ಅದೇ ಚುಕ್ಕೆ ಹೆಬ್ಬೆರಳಿನ ಉಗುರಿನಷ್ಟಾಗಿತ್ತು. ಅಂಚು ಹರಿದ ಕಾಗದದ ಹಾಗೆ ಎತ್ತೆತ್ತಲೋ ಹೋಗಿತ್ತು. ಒಂದು ಮೂಲೆ ಕಂದು, ಇನ್ನೊಂದು ಮೂಲೆ ಇದ್ದಿಲಿನ ಕಪ್ಪು.

ಆ ಕೆನ್ನೆಯನ್ನು ಅವರು ಪ್ರತಿದಿನ ನೋಡಿದ್ದರು. ಬೆಳಿಗ್ಗೆ ನೋಡಿದ್ದರು, ಸಂಜೆ ನೋಡಿದ್ದರು, ಅದರ ಬಗ್ಗೆ ತಮಾಷೆ ಮಾಡಿದ್ದರು. ಒಂದು ದಿನವೂ ಕಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ಅವರು ಆಮೇಲೆ ಎಷ್ಟೋ ಸಲ ಹೇಳಿದರು.

"ಯಾಕೇ ನಿಂತೆ? ಕರೆಂಟ್ ಹೋಯ್ತಾ?" ಮುಚ್ಚಳದ ಕೆಳಗಿನಿಂದ ದೊಡ್ಡಪ್ಪ ಕೇಳಿದರು.

"ಇಲ್ಲ."

"ಹೊಡಿ ಮತ್ತೆ. ನಂಗೇನ್ ಭಯ ಇಲ್ಲ."

ದೊಡ್ಡಮ್ಮ ಹಿಡಿಯನ್ನು ಅದರ ಗೂಡಿನಲ್ಲಿಟ್ಟರು. ಯಂತ್ರ ಆರಿಸಿದರು. ಕಣ್ಣಿನ ಮುಚ್ಚಳ ತೆಗೆದು, "ಏಳಿ. ಇವತ್ತು ಬೇಡ" ಎಂದರು.

"ಇದೊಳ್ಳೆ ಚೆನ್ನಾಗಿದೆ. ಸೀಟಲ್ಲಿ ಕೂರಿಸಿ, ರೈಟ್ ಹೇಳಿ, ಈಗ ಇಳೀರಿ ಅಂತೀಯಾ?"

ದೊಡ್ಡಮ್ಮ ಪರದೆಯನ್ನು ಅವರ ಕಡೆ ತಿರುಗಿಸಿದರು. "ಇದು ಮೂರು ವರ್ಷದ ಹಿಂದಿಂದು. ಇದು ಈಗಿಂದು. ಏನ್ ಕಾಣುತ್ತೆ ನಿಮಗೆ?"

ದೊಡ್ಡಪ್ಪ ಬಹಳ ಹೊತ್ತು ನೋಡಿದರು. "ಕೂದಲು ಹೋಗಿದೆ."

"ಕೂದಲಲ್ಲ ರೀ. ಇಲ್ಲಿ."

ಅವರು ಬೆರಳಿಟ್ಟು ತೋರಿಸಿದರು. ದೊಡ್ಡಪ್ಪ ತಮ್ಮ ಕೆನ್ನೆ ಮುಟ್ಟಿಕೊಂಡು, "ಏನಿದು?" ಎಂದರು.

"ಗೊತ್ತಿಲ್ಲ. ಏನೂ ಇಲ್ದೇ ಇರ್ಬಹುದು. ಚರ್ಮದಲ್ಲಿ ಕೆಟ್ಟದ್ದು ಬೆಳೀತಿರಲೂಬಹುದು. ಡಾಕ್ಟರಮ್ಮ ನೋಡೋವರೆಗೂ ನಾನು ಇದರ ಮೇಲೆ ಬೆಳಕು ಬಿಡಲ್ಲ. ಮೇಲಿನ ಬಣ್ಣ ಹೋಗಿ ಒಳಗಿಂದು ಒಳಗೇ ಉಳಿದುಬಿಟ್ರೆ ಆಮೇಲೆ ಯಾರಿಗೂ ಕಾಣಲ್ಲ."

ಅದೇ ಜಾಗದಲ್ಲಿ ನಿಂತು ದೊಡ್ಡಮ್ಮ ಡಾಕ್ಟರಿಗೆ ಫೋನ್ ಮಾಡಿದರು. ಇಪ್ಪತ್ತು ವರ್ಷಕ್ಕೂ ಹಿಂದೆ ಕೋಟು ಹಿಡಿದು ಮೆಟ್ಟಿಲು ಹತ್ತಿದ್ದ ಹಾಗೆಯೇ, ಏನನ್ನೂ ಮಡಚಿಡದೆ ಹೇಳಿದರು. "ನೀವಿಲ್ಲದಾಗ ನಮ್ಮೆಜಮಾನ್ರನ್ನ ಕುರ್ಚಿ ಮೇಲೆ ಕೂರಿಸಿದೆ. ಹೊಡೆಯೋಕೆ ಹೊರಟಿದ್ದೆ. ಹೊಡೆದಿಲ್ಲ." ಡಾಕ್ಟರು, "ಎರಡೂ ಫೋಟೊ ಈಗಲೇ ಕಳಿಸು. ಶನಿವಾರ ಬೆಳಿಗ್ಗೆ ಎಂಟಕ್ಕೆ ಕರ್ಕೊಂಡ್ ಬಾ. ಉಳಿದಿದ್ದು ಎದುರಿಗೆ ಮಾತಾಡ್ತೀನಿ" ಎಂದರು.

ಶನಿವಾರ ಡಾಕ್ಟರು ದಪ್ಪ ಮಸೂರ ಹಿಡಿದು ನೋಡಿದರು. ಮರಗಟ್ಟಿಸುವ ಸೂಜಿ ಕೊಟ್ಟು ಚುಕ್ಕೆಯಿಂದ ಸಾಸಿವೆಯಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಒಂಬತ್ತು ದಿನ ಎಂದರು.

ಆ ಒಂಬತ್ತು ದಿನ ದೊಡ್ಡಪ್ಪ ಕೆನ್ನೆಗೆ ಪಟ್ಟಿ ಅಂಟಿಸಿಕೊಂಡು ಬಸ್ಸು ಓಡಿಸಿದರು. ಕಿಟಕಿಗೆ ದೊಡ್ಡಮ್ಮ ಹಳೆಯ ಪರದೆಯೊಂದನ್ನು ಕತ್ತರಿಸಿ, ಹೊರಗಿನ ಕನ್ನಡಿ ಮರೆಯಾಗದ ಹಾಗೆ ಅಳತೆ ಮಾಡಿ ಹೊಲಿದುಕೊಟ್ಟಿದ್ದರು. "ಏನಣ್ಣ, ಕಿಟಕಿಗೆ ಮದುವೆನಾ?" ಎಂದು ಕಂಡಕ್ಟರು ಕೇಳಿದರೆ ದೊಡ್ಡಪ್ಪ ಸುಮ್ಮನೆ ನಗುತ್ತಿದ್ದರು. ಮನೆಯಲ್ಲಿ ಅಣ್ಣ ತಮ್ಮ ಎಂಬ ಮಾತು ನಿಂತುಹೋಯಿತು. ದೊಡ್ಡಮ್ಮನಿಗೆ ಡಾಕ್ಟರು ಹದಿನೈದು ದಿನ ಯಂತ್ರ ಮುಟ್ಟಬೇಡ ಎಂದಿದ್ದರು, ಅದು ಶಿಕ್ಷೆ. ಅವರು ಫೋಟೊ ತೆಗೆಯುವ ಕೆಲಸ ಮಾತ್ರ ಮಾಡಿಕೊಂಡಿದ್ದರು. ಅದಕ್ಕೆ ಅವರು ಬೇಸರಪಡಲಿಲ್ಲ. ಅವರನ್ನು ಕಾಡಿದ್ದು ಬೇರೆ.

"ನಾನು ಊರವರ ಮುಖದಲ್ಲಿ ಸೂಜಿಮೊನೆಯಷ್ಟು ಚುಕ್ಕೆ ಹುಡುಕ್ತೀನಿ. ಇದು ಕಾಣ್ಲಿಲ್ವಲ್ಲ" ಎಂದರು ಆರನೆಯ ದಿನ ಸಂಜೆ.

ದೊಡ್ಡಪ್ಪ ಡ್ರೈವಿಂಗ್ ಸ್ಕೂಲಿನವರು ಕೊಟ್ಟ ಪುಸ್ತಕ ಓದುತ್ತ ಕೂತಿದ್ದರು. ಅದನ್ನು ಮಡಿಲ ಮೇಲೆ ಕವುಚಿಟ್ಟರು.

"ನೋಡೇ, ಹಿಂದೆ ಬರೋ ಗಾಡಿ ಕನ್ನಡೀಲಿ ಕಾಣುತ್ತೆ. ದೂರದ ಗಾಡಿನೂ ಕಾಣುತ್ತೆ. ಪಕ್ಕದಲ್ಲೇ ಅಂಟ್ಕೊಂಡು ಬರ್ತಿರುತ್ತಲ್ಲ, ಅದು ಕಾಣಲ್ಲ. ಮೂವತ್ತು ವರ್ಷ ಓಡಿಸಿದೋನಿಗೂ ಕಾಣಲ್ಲ. ಕತ್ತು ತಿರುಗಿಸಿ ನೋಡ್ಬೇಕು. ನೀನು ತಿರುಗಿಸಿದೆ."

"ತಡವಾಗಿ ತಿರುಗಿಸಿದೆ."

"ಗುದ್ದಿಲ್ವಲ್ಲ? ಮತ್ತೆ ತಡ ಹೇಗಾಯ್ತು?"

ಒಂಬತ್ತನೆಯ ದಿನ ಫಲಿತಾಂಶ ಬಂತು. ಕೆಟ್ಟ ಬೆಳವಣಿಗೆಯೇ ಹೌದು. ಆದರೆ ಅದು ಇನ್ನೂ ಚರ್ಮದ ಮೇಲಿನ ಪದರದಲ್ಲೇ ಇತ್ತು, ಕೆಳಗೆ ಇಳಿದಿರಲಿಲ್ಲ. "ಹೊಸ್ತಿಲ ಮೇಲೆ ಕೂತಿದೆ, ಒಳಗೆ ಬಂದಿಲ್ಲ. ಅಲ್ಲಿಂದಲೇ ಕಳಿಸಿಬಿಡೋಣ" ಎಂದರು ಡಾಕ್ಟರು. ದೊಡ್ಡ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ, ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದ ಜೊತೆ ಅದನ್ನು ತೆಗೆದರು. ಹನ್ನೊಂದು ಹೊಲಿಗೆ. ತೆಗೆದದ್ದನ್ನು ಮತ್ತೆ ಪರೀಕ್ಷೆ ಮಾಡಿದಾಗ ಅಂಚಿನಲ್ಲೆಲ್ಲೂ ಏನೂ ಉಳಿದಿರಲಿಲ್ಲ. ಬೆಟ್ಟದಂತೆ ಬಂದದ್ದು ಮಂಜಿನಂತೆ ಹೋಯಿತು. ಅವತ್ತು ದೊಡ್ಡಮ್ಮ ಮನೆಗೆ ಬಂದು, ಇಸ್ತ್ರಿಯೇ ಬೇಡದ ಟವೆಲ್ಲುಗಳನ್ನೆಲ್ಲ ಹೊರಗೆ ತೆಗೆದು ಇಸ್ತ್ರಿ ಮಾಡಿದರು.

ಎದುರಿಗೆ ಮಾತಾಡುತ್ತೇನೆ ಎಂದಿದ್ದ ಡಾಕ್ಟರು ಮಾತಾಡಿದ್ದು ಆಮೇಲೆ. ಹೊಲಿಗೆ ಬಿಚ್ಚಿದ ದಿನ ದೊಡ್ಡಮ್ಮನನ್ನು ತಮ್ಮ ಕೋಣೆಗೆ ಕರೆದರು.

"ನೀನು ನಿಯಮ ಮುರಿದೆ. ಸರಿನಾ?"

"ಮುರಿದೆ."

"ಇನ್ನೊಂದು ಸಲ ಮುರಿದರೆ ಕೆಳಗೆ ಲಾಂಡ್ರಿಯಿದ್ದ ಕಡೆ ಕಳಿಸ್ತೀನಿ."

"ಅಲ್ಲೀಗ ಮೊಬೈಲ್ ಅಂಗಡಿ ಇದೆ ಡಾಕ್ಟರಮ್ಮ."

"ಮೊಬೈಲಿಗೇ ಇಸ್ತ್ರಿ ಮಾಡ್ಕೊಂಡಿರು." ಡಾಕ್ಟರು ನಗದೆ ಇರಲು ಪ್ರಯತ್ನಿಸಿ ಸೋತರು. ಆಮೇಲೆ ಮೆತ್ತಗೆ ಹೇಳಿದರು. "ಹೊಡೆದಿದ್ದಿದ್ರೆ ಚುಕ್ಕೆ ಉದುರಿಹೋಗಿರೋದು. ಎಲ್ರೂ ಖುಷಿ ಪಟ್ಟಿರ್ತಿದ್ವಿ, ನಾನೂ ಸೇರಿ. ಎರಡು ವರ್ಷ ಆದ್ಮೇಲೆ ಗೊತ್ತಾಗಿರೋದು. ನಿನ್ನ ತಪ್ಪು ಒಂದು ಕಡೆ ಇರ್ಲಿ, ನನ್ನದೂ ಇದೆ. ನಿಮ್ಮೆಜಮಾನ್ರು ಎಷ್ಟು ಸಲ ಇಲ್ಲಿಗೆ ಡಬ್ಬಿ ತಂದಿಲ್ಲ? ನಾನೂ ನೋಡ್ಲಿಲ್ಲ."

ಅಂದಿನಿಂದ ಅಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ವರ್ಷಕ್ಕೊಂದು ಭಾನುವಾರ, ಅಲ್ಲಿ ಕೆಲಸ ಮಾಡುವ ಎಲ್ಲರ ಮನೆಯವರೂ ಬಂದು ಗಲ್ಲವನ್ನು ಸ್ಟ್ಯಾಂಡಿನ ಮೇಲಿಟ್ಟು ಮೂರು ಫೋಟೊ ತೆಗೆಸಿಕೊಳ್ಳಬೇಕು. ಡಾಕ್ಟರ ತಾಯಿಯೂ ಬರುತ್ತಾರೆ, ಕಸ ಗುಡಿಸುವವರ ಮಗನೂ ಬರುತ್ತಾನೆ. ನಾನೂ ಹೋಗುತ್ತೇನೆ. ಒಬ್ಬೊಬ್ಬರ ಹಳೆಯ ಫೋಟೊವನ್ನೂ ಹೊಸದನ್ನೂ ದೊಡ್ಡಮ್ಮ ಪಕ್ಕಪಕ್ಕದಲ್ಲಿಟ್ಟು, ಬೆಳಕಿಗೆ ಹಿಡಿದ ಅಂಗಿಯನ್ನು ನೋಡುವ ಹಾಗೆ ನೋಡುತ್ತಾರೆ. ಅವರ ಎಡಗೈಯ ಅಭ್ಯಾಸವನ್ನು ಮಾತ್ರ ಡಾಕ್ಟರಿಂದ ಬಿಡಿಸಲಾಗಿಲ್ಲ.

ದೊಡ್ಡಪ್ಪ ಒಂದನೇ ತಾರೀಖಿಗೆ ಡ್ರೈವಿಂಗ್ ಸ್ಕೂಲಿಗೆ ಸೇರಲು ಆಗಲಿಲ್ಲ. ಹದಿನಾರನೇ ತಾರೀಖಿಗೆ ಸೇರಿದರು, ಕೆನ್ನೆಯ ಮೇಲೆ ಹೊಸ ಗಾಯದ ಗೆರೆಯೊಡನೆ. ತಾತ ಎಂದಿದ್ದ ಹುಡುಗಿಯೇ ಮೊದಲ ದಿನ ಪಕ್ಕದಲ್ಲಿ ಕೂತಿದ್ದಳು. ಗೆರೆಯನ್ನು ಕಂಡು, "ಸರ್, ಆಕ್ಸಿಡೆಂಟಾ?" ಎಂದು ಗಾಬರಿಯಿಂದ ಕೇಳಿದಳಂತೆ. "ಆಗೋದಿತ್ತು. ನನ್ನ ಹೆಂಡತಿ ಬ್ರೇಕ್ ಹಾಕಿದ್ಲು. ನೀನೂ ಮೊದಲು ಬ್ರೇಕ್ ಎಲ್ಲಿದೆ ನೋಡ್ಕೋ" ಎಂದರು ದೊಡ್ಡಪ್ಪ.

ಎಂಟು ತಿಂಗಳು ಕಾದರು. ಡಾಕ್ಟರು ಎರಡು ಸಲ ಮಸೂರ ಹಿಡಿದು ಪರೀಕ್ಷಿಸಿ, ಗಾಯದ ಸುತ್ತ ಎಷ್ಟು ಜಾಗ ಬಿಡಬೇಕೆಂದು ಬಿಳಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಕಾಗದದ ಮೇಲೆ ಅಳತೆ ಬರೆದು ಸಹಿ ಮಾಡಿಕೊಟ್ಟರು. ಆಮೇಲೆ ದೊಡ್ಡಮ್ಮ ತಮ್ಮ ಗಂಡನ ಕೆನ್ನೆಗೆ ಲೇಸರ್ ಹಿಡಿದರು, ಎಲ್ಲರೂ ಇರುವ ಹೊತ್ತಿನಲ್ಲಿ, ಹಗಲು ಹನ್ನೊಂದು ಗಂಟೆಗೆ. ಮೊದಲ ಸಲ ದೊಡ್ಡಪ್ಪ ಬಸ್ಸು ನಿಲ್ಲಿಸುವ ಕಂಡಕ್ಟರ ಹಾಗೆ ಹೊಡೆತಕ್ಕೊಂದು "ಹೋಲ್ಡಾನ್" ಎಂದರು. ಎರಡನೆಯ ಸಲ ಕುರ್ಚಿಯಲ್ಲೇ ನಿದ್ದೆ ಮಾಡಿ ಗೊರಕೆ ಹೊಡೆದರು. ನಾಲ್ಕು ಸಲ ಮುಗಿಯಲು ಆರು ತಿಂಗಳಾಯಿತು.

ಕೊನೆಯ ಫೋಟೊ ತೆಗೆದ ದಿನ ನಾನೂ ಅಲ್ಲಿದ್ದೆ. ದೊಡ್ಡಮ್ಮ ಕನ್ನಡಿಯ ಮೇಲಿನ ಬಟ್ಟೆ ತೆಗೆದು ದೊಡ್ಡಪ್ಪನನ್ನು ಅದರ ಮುಂದೆ ನಿಲ್ಲಿಸಿದರು. ಉಳುಮೆಯ ಗೆರೆಗಳು ತೆಳುವಾಗಿದ್ದವು, ಚರ್ಮ ಬಿಗಿಯಾಗಿತ್ತು, ಗಾಯದ ಗೆರೆ ದಾರದೆಳೆಯಷ್ಟಾಗಿತ್ತು. ಆದರೂ ಎರಡು ಕೆನ್ನೆ ಒಂದೇ ಸಮ ಆಗಿರಲಿಲ್ಲ. ದೊಡ್ಡಮ್ಮ ತಮ್ಮ ಕೆಲಸದಲ್ಲಿ ಯಾರಿಗೂ ಇಲ್ಲದ್ದನ್ನು ಹೇಳುವವರಲ್ಲ.

"ಇನ್ನೂ ಒಂದು ಹತ್ತು ವರ್ಷದ ವ್ಯತ್ಯಾಸ ಇದೆ ರೀ. ಇಷ್ಟಕ್ಕೆ ನಿಲ್ಲಿಸೋದು ಒಳ್ಳೇದು."

ದೊಡ್ಡಪ್ಪ ಮುಖವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ನೋಡಿದರು. ಒಂದೂಕಾಲು ವರ್ಷದಿಂದ ಮನೆಯಲ್ಲಿ ಯಾರೂ ಆಡದಿದ್ದ ಮಾತನ್ನು ಅವರೇ ಆಡಿದರು.

"ಇರ್ಲಿ ಬಿಡೇ. ಅಣ್ಣ ತಮ್ಮ ಅಂದ್ಮೇಲೆ ಅಷ್ಟು ಅಂತರ ಇರ್ಬೇಕು. ಇಲ್ದಿದ್ರೆ ಯಾರು ಯಾರಿಗೆ ಮರ್ಯಾದೆ ಕೊಡೋದು?"

ದೊಡ್ಡಮ್ಮ ನಕ್ಕರು. ನಗುತ್ತಲೇ ಅವರ ಗಲ್ಲ ಹಿಡಿದು, ಬಲಗೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಇನ್ನೊಮ್ಮೆ ನೋಡಿದರು.